ಎಂಟು ಎಸಳಿನ ಹೂವು

ಗೋಡೆಗಳು ಮಾತಾಡುತ್ತಿದ್ದ ಕಾಲ ಅದು. ಹೀಗೆ ಶುರು ಮಾಡಿದರೆ ನನ್ನ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ಸುಣ್ಣ, ಉಸುಕು, ಬೆಲ್ಲದ ನೀರು ಕೂಡಿಸಿ, ಗಾಣದಲ್ಲಿ ಎತ್ತು ಹೂಡಿ ಅರೆದು ಮಾಡಿದ ಗಚ್ಚಿನ ಗೋಡೆಯನ್ನು ಬಿದಿರು ಕೋಲಿನಿಂದ ತಟ್ಟಿದರೆ, ತನ್ನ ಹೊಟ್ಟೆಯೊಳಗೆ ಏನಿದೆ ಎಂದು ಅದು ಹೇಳಿಬಿಡುತ್ತಿತ್ತು. ಕೇಳಿಸಿಕೊಳ್ಳುವ ಕಿವಿಗಳೂ ಆಗ ನಮ್ಮ ರಾಯಚೂರಿನಲ್ಲಿ ಇದ್ದವು. ಅಂಥ ಒಂದು ಜೊತೆ ಕಿವಿ ನನ್ನ ಅಪ್ಪನವು.

ಅಪ್ಪನ ಹೆಸರು ಭೀಮಪ್ಪ. ಕೋಟೆ ಗೋಡೆಯ ಬುಡದ ಓಣಿಯಲ್ಲಿ ನಮ್ಮದು ಒಂದೇ ಅಂಕಣದ ಮನೆ. ತಲೆತಲಾಂತರದಿಂದ ಗಚ್ಚಿನ ಕೆಲಸ. ಅವ್ವ ನಾನು ಆರು ವರ್ಷದವಳಿದ್ದಾಗಲೇ ಜ್ವರ ಬಂದು ಹೋಗಿದ್ದಳು. ನಿಜಾಮರ ಆಳ್ವಿಕೆ, ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿದೆ ಎನ್ನುತ್ತಿದ್ದರು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಜೋಳ ತುಟ್ಟಿಯಾಗಿತ್ತು. ನಮ್ಮ ಓಣಿಗೆ ಯುದ್ಧ ಬಂದದ್ದು ಅಷ್ಟೇ.

ನನಗೆ ಹತ್ತು ತುಂಬಿದ ವರ್ಷ ದೀಪಾವಳಿಯ ಮುಂಚೆ, ಸುಣ್ಣದ ಕಲ್ಲಿಗೆ ನೀರು ಹಾಕಿ ಅರಳಿಸುವಾಗ ಕುದಿಯುವ ಸುಣ್ಣ ಸಿಡಿದು ಅಪ್ಪನ ಕಣ್ಣಿಗೆ ಬಿತ್ತು. ಹಕೀಮ ಗುಲಾಬಿ ನೀರು ಹಾಕಿದ, ಓಣಿಯ ಅಜ್ಜಿಯರು ಎದೆಹಾಲು ಹಿಂಡಿಸಿದರು. ಬಲಗಣ್ಣು ಬೆಳ್ಳಗಾಯಿತು. ಎಡಗಣ್ಣು ನೋಡುವವರಿಗೆ ಚೆನ್ನಾಗಿಯೇ ಇತ್ತು, ಆದರೆ ಅದೂ ದಿನದಿನಕ್ಕೆ ಮಂಜಾಗುತ್ತಿತ್ತು. ಬಿಸಿಲಿನಲ್ಲಿ ಎದುರು ನಿಂತವರ ನೆರಳು ಮಾತ್ರ ಕಾಣುತ್ತದೆ ಎಂದು ಒಂದು ದಿನ ನನ್ನೊಬ್ಬಳಿಗೇ ಹೇಳಿದ.

"ಯಾರ ಮುಂದೂ ಬಾಯಿ ಬಿಡಬ್ಯಾಡ ನರಸೀ. ಕಣ್ಣಿಲ್ಲದ ಮಿಸ್ತ್ರಿನ್ನ ಯಾರ್ ಕರೀತಾರ? ನಾಳಿಂದ ನೀನ ನನ್ನ ಕಣ್ಣು, ತಿಳೀತಿಲ್ಲೋ?"

"ತಿಳೀತಪ್ಪ," ಎಂದೆ. ನನಗೋ ದೊಡ್ಡ ಹಮ್ಮು. ಓಣಿಯ ಹುಡುಗಿಯರೆಲ್ಲ ಗಜಗ ಆಡುತ್ತ ಕೂತಿರುವಾಗ ನಾನು ಒಬ್ಬ ದೊಡ್ಡ ಮನುಷ್ಯನ ಕಣ್ಣಾಗಿದ್ದೆ. ಆ ಹಮ್ಮಿಗೆ ಬೆಂಕಿ ಬೀಳಲಿ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

ಕಿವಿಯ ಪಾಠವನ್ನೂ ಅಪ್ಪ ಆಗಲೇ ಹೇಳಿಕೊಟ್ಟ. ಸಂತೆಯಲ್ಲಿ ಕುಂಬಾರರ ಮುಂದೆ ಕೂರಿಸಿ ಗಡಿಗೆಗಳನ್ನು ಬೆರಳಿನಿಂದ ತಟ್ಟಿಸುತ್ತಿದ್ದ. ಸುಟ್ಟು ಗಟ್ಟಿಯಾದ ಗಡಿಗೆ ಠಣ್ ಎನ್ನುತ್ತದೆ. ಕೂದಲೆಳೆಯಷ್ಟು ಸೀಳು ಇದ್ದರೂ ಬೊದ್ ಎನ್ನುತ್ತದೆ. "ಗಚ್ಚೂ ಹಂಗ ನೋಡು. ಕಣ್ಣಿಗೆ ಮೋಸ ಮಾಡಬೌದು, ಕಿವಿಗೆ ಮಾಡಾಕ ಆಗಂಗಿಲ್ಲ," ಎನ್ನುತ್ತಿದ್ದ. ಕುಂಬಾರನಿಗೆ ಸಿಟ್ಟು ಬರುತ್ತಿತ್ತು. "ತೊಗೊಳ್ಳಾದಿದ್ರ ತೊಗೋರಿ, ಇಲ್ಲಾಂದ್ರ ಏಳ್ರಿ. ತಬಲಾ ಬಾರಸಾಕ ಬಂದೀರೇನು?" ಎಂದು ನಮ್ಮನ್ನು ಎಬ್ಬಿಸುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಒಬ್ಬರು ಪಾದ್ರಿಗಳು ಅಪ್ಪನಿಗೆ ಹೇಳಿಕಳಿಸಿದರು. ಗೋವಾ ಕಡೆಯವರು, ವಯಸ್ಸಾದವರು. ಈ ಭಾಗದ ಹಳೆಯ ಚರ್ಚುಗಳ ಛತ್ತುಗಳನ್ನು, ಅಂದರೆ ಗಚ್ಚಿನ ಮೇಲ್ಛಾವಣಿಗಳನ್ನು, ಮಳೆಗಾಲಕ್ಕೆ ಮುಂಚೆ ತಟ್ಟಿ ನೋಡಬೇಕಾಗಿತ್ತು. ರಾಯಚೂರಿನಲ್ಲಿ ಒಂದು, ದೇವದುರ್ಗದ ಕಡೆ ಒಂದು, ಮಾನ್ವಿಯ ಆಚೆ ಒಂದು. ನಾವು ಚರ್ಚು ಎನ್ನುತ್ತಿರಲಿಲ್ಲ, ಪಾದ್ರಿ ಗುಡಿ ಎನ್ನುತ್ತಿದ್ದೆವು. ಮಾನ್ವಿ ಎಂಬ ಹೆಸರು ಕೇಳಿದ್ದೇ ಅಪ್ಪ ಎದ್ದು ನಿಂತುಬಿಟ್ಟ.

ಅದಕ್ಕೆ ಕಾರಣವಿತ್ತು. ಆ ಗುಡಿಯ ಛತ್ತು ಹಿಂದೆ ಒಮ್ಮೆ ನಡುವೆ ಕುಸಿದಿತ್ತಂತೆ. ಅದನ್ನು ಮತ್ತೆ ಕಟ್ಟಿದವನು ನನ್ನ ತಾತ ಮಾರೆಪ್ಪ. ನಾಲ್ಕು ಕಮಾನು ಕೂಡುವ ನಟ್ಟನಡುವೆ ಒಂದು ಗಚ್ಚಿನ ಹೂವು ಕೂರಿಸಿದ್ದ. ಎಂಟು ಎಸಳಿನ ತಾವರೆ. ಏಸುವಿನ ಗುಡಿಗೆ ತಾವರೆ ಯಾಕೆ ಎಂದು ಆಗಿನ ಪಾದ್ರಿಗಳು ಕೇಳಿದಾಗ, "ನನಗ ಬರೋ ಹೂವು ಇದೊಂದ ರೀ," ಎಂದನಂತೆ. ಅಪ್ಪ ಆಗ ಎಂಟು ವರ್ಷದ ಹುಡುಗ. ಗಚ್ಚಿಗೆ ಹಾಕುವ ಬೆಲ್ಲ ಕದ್ದು ತಿಂದು ತಾತನ ಕೈಯಿಂದ ಕಪಾಳಕ್ಕೆ ತಿಂದ. ಅತ್ತವನನ್ನು ಸಮಾಧಾನ ಮಾಡಲು ತಾತ ಅಟ್ಟಣಿಗೆಯ ಮೇಲೆ ಎತ್ತಿಕೊಂಡು ಹೋಗಿ, ಇನ್ನೂ ಹಸಿ ಇದ್ದ ಒಂದು ಎಸಳಿನ ಮೇಲೆ ಅವನ ಹೆಬ್ಬೆರಳು ಒತ್ತಿಸಿದನಂತೆ. "ನನ್ನ ಬೆಳ್ಳಿನ ಗುರುತು ಅಲ್ಲಿ ಅದ ನರಸೀ. ನಾ ಸತ್ತ ಮ್ಯಾಲೂ ಇರ್ತದ," ಎಂದು ಅಪ್ಪ ನೂರು ಸಲ ಹೇಳಿದ್ದ. ಆಮೇಲೆ ಅವನು ಆ ಕಡೆ ಹೋಗಿಯೇ ಇರಲಿಲ್ಲ. ಈಗ ಹೋಗುವ ಹೊತ್ತಿಗೆ ಕಣ್ಣಿಲ್ಲ.

ಮೊದಲು ರಾಯಚೂರಿನ ಗುಡಿ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ ತಂಪು. ಮೇಣದ ವಾಸನೆ, ಬಾವಲಿಯ ವಾಸನೆ. ಬಣ್ಣದ ಗಾಜಿನಿಂದ ನೆಲದ ಮೇಲೆ ಕೆಂಪು, ನೀಲಿ ಬಿದ್ದಿತ್ತು. ನಾನು ಅದನ್ನು ತುಳಿಯದೆ ಸುತ್ತುಹಾಕಿ ನಡೆದೆ. ಅಪ್ಪ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

"ನಮ್ಮ ದೇವರಲ್ಲಲ್ಲಪ್ಪ ಇದು," ಎಂದೆ.

"ದೇವರು ಯಾರದಾರ ಇರಲಿ ಬೇ, ಗಚ್ಚು ನಮ್ಮದು," ಎಂದ.

ನೋಡುವುದನ್ನು ಅವತ್ತು ಕಲಿಸಿದ. ಬಾಯಿ ತೆರೆದುಕೊಂಡು ಒಮ್ಮೆಲೇ ಮೇಲೆ ನೋಡಬಾರದು. ಬುಡದಿಂದ ಹಿಡಿಯಬೇಕು. ಅಡಿಗಲ್ಲು, ಕಂಬ, ಕಂಬದ ತಲೆ, ಅಲ್ಲಿಂದ ಕಮಾನಿನ ಪಾದ, ಆಮೇಲೆ ನೆತ್ತಿ. "ಕಮಾನು ಅಂದ್ರ ಎರಡು ಸೋತ ಕೈ. ಒಂದಕ್ಕೊಂದು ಒರಗಿ ನಿಂತಾವ. ಒಂದು ಜಾರಿದ್ರ ಇನ್ನೊಂದಕ್ಕ ಗತಿ ಇಲ್ಲ," ಎಂದ. ನಾನು ಹೇಳುತ್ತ ಹೋದೆ: ಕಂಬ ದುಂಡಗಿದೆ, ತಲೆಯ ಮೇಲೆ ಎಲೆ ಬಿಡಿಸಿದ್ದಾರೆ, ಎಲೆಯ ತುದಿ ಮುರಿದಿದೆ. ಕಮಾನು ತುದಿಯಲ್ಲಿ ತುಸು ಚೂಪಾಗಿದೆ, ಕೋಟೆ ಬಾಗಿಲಿನ ಹಾಗೆ. "ಹಾಂ, ನಮ್ಮವರ ಕೈ," ಎಂದು ಅಪ್ಪ ತಲೆಯಾಡಿಸಿದ. ನನ್ನ ಬಾಯಿಂದ ಅವನು ಆ ಗುಡಿಯನ್ನೆಲ್ಲ ನೋಡಿದ. ಅಷ್ಟು ದೊಡ್ಡದನ್ನು ಮನುಷ್ಯರೇ ಕಟ್ಟಿದರು, ಅದೂ ನಮ್ಮಂಥವರು ಕಟ್ಟಿದರು ಎಂದು ನನಗೆ ಆ ದಿನವೇ ತಿಳಿದದ್ದು. ಕೋಲು ಎಲ್ಲ ಕಡೆ ಠಣ್ ಎಂದಿತು. ಆ ಛತ್ತಿಗೆ ಏನೂ ಆಗಿರಲಿಲ್ಲ.

ದೇವದುರ್ಗಕ್ಕೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಹೋದೆವು. ಏರು ಬಂದಲ್ಲೆಲ್ಲ ಎಲ್ಲರೂ ಇಳಿದು ತಳ್ಳಬೇಕು. ಊರ ಹೊರಗಿನ ಆ ಗುಡಿ ಸಣ್ಣದು, ಆದರೆ ಎದುರುಗೋಡೆ ನೋಡಿ ನಾನು ಕುಣಿದಾಡಿಬಿಟ್ಟೆ. ದ್ರಾಕ್ಷಿ ಬಳ್ಳಿ ಬಿಡಿಸು ಎಂದು ಯಾರೋ ಹೇಳಿದ್ದಿರಬೇಕು. ದ್ರಾಕ್ಷಿ ಕಾಣದ ಯಾವನೋ ಮಿಸ್ತ್ರಿ ಗೊಂಚಲ ಬದಲು ಜೋಳದ ತೆನೆ ಬಿಡಿಸಿದ್ದ. ಅಪ್ಪನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಒಳಗೆ ಹೋದಾಗ ಕಂಡದ್ದನ್ನು ಕಂಡ ಹಾಗೇ ಹೇಳಿದೆ. "ಅಪ್ಪಾ, ನಡೂ ಕಮಾನಿನ್ಯಾಗ ಸೀಳು ಬಿಟ್ಟದ. ನನ್ನ ಬೆಳ್ಳು ಹಿಡಸ್ತದ." ಅಪ್ಪ ತಟ್ಟಿದ. ಬೊದ್. ಅವನು ಇದ್ದದ್ದನ್ನು ಊರ ಹಿರಿಯರಿಗೆ ಹೇಳಿದ. ಸೀಳನ್ನು ಹೊಲಿದು ಒಂದು ಮಳೆಗಾಲ ನೋಡೋಣ ಎಂದೂ ಹೇಳಿ ನೋಡಿದ. ಹಿರಿಯರು ಒಪ್ಪಲಿಲ್ಲ. "ಜೀವ ದೊಡ್ಡದೋ, ಛತ್ತು ದೊಡ್ಡದೋ? ಕೆಡವಿ ತಗಡ ಹಾಕ್ತೀವಿ," ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಮರುದಿನವೇ ಹಾರೆ ಬಿದ್ದವು. ಎದುರುಗೋಡೆಯೂ ಸಡಿಲಾಗಿದೆ ಎಂದು ಅದನ್ನೂ ತೆಗೆದರು. ಜೋಳದ ತೆನೆಗಳೆಲ್ಲ ಮಣ್ಣಿಗೆ ಬಿದ್ದವು.

ಅಪ್ಪ ಕೈಯಾಡಿಸಿ ಒಂದು ಗಚ್ಚಿನ ತುಂಡು ಹೆಕ್ಕಿಕೊಂಡ. ನಾಲಿಗೆಯ ತುದಿಗೆ ಹಚ್ಚಿ ನೋಡಿದ. "ಬೆಲ್ಲ ಇನ್ನೂ ಅದ ಯವ್ವಾ," ಎಂದ. ನಾನೂ ನೆಕ್ಕಿದೆ. ನನಗೆ ಮಣ್ಣಿನ ರುಚಿ ಬಿಟ್ಟು ಏನೂ ಹತ್ತಲಿಲ್ಲ. ಆ ಸಂಜೆ ಅವನು ರೊಟ್ಟಿ ಮುಟ್ಟಲಿಲ್ಲ. "ನೀ ಖರೇ ಹೇಳೀದಿ, ನಿಂದೇನೂ ತಪ್ಪಿಲ್ಲ," ಎಂದು ನನ್ನ ತಲೆ ಸವರಿದ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಣ್ಣೇ ಆ ಛತ್ತನ್ನು ಕೆಡವಿತು ಎಂಬುದು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಸಿರವಾರದ ಸಂತೆಯಲ್ಲಿ ಹಿರೇಕೊಟ್ನೆಕಲ್ಲಿನ ಒಬ್ಬ ಗಾಡಿಯವನು ಸಿಕ್ಕ. ಅವನ ಭತ್ತದ ಮೂಟೆಗಳ ಮೇಲೆ ಕೂತು ಮಾನ್ವಿಗೆ ಹೊರಟೆವು. ದಾರಿಯುದ್ದಕ್ಕೂ ಅಪ್ಪನ ಬಾಯಲ್ಲಿ ಆ ಹೂವಿನದೇ ಮಾತು. ಗೂಗಲ್ ಊರಿನ ಹತ್ತಿರ ಕೃಷ್ಣೆಯ ಉಸುಕು ಜರಡಿ ಹಿಡಿದು ಕತ್ತೆಗಳ ಮೇಲೆ ಹೇರಿಕೊಂಡು ಬಂದದ್ದು, ಬೆಳವಲಕಾಯಿಯ ತಿರುಳು ನೆನೆಹಾಕಿದ್ದು, ಕೋಳಿಮೊಟ್ಟೆಯ ಬಿಳಿ ಹಚ್ಚಿ ಶಂಖದಿಂದ ಉಜ್ಜಿ ಉಜ್ಜಿ ಹೊಳಪು ತಂದದ್ದು. "ಅದೊಂದು ಉಳದದ ನೋಡು ನಮ್ಮಪ್ಪಂದು. ಅದನ್ನ ನೀ ನನಗ ತೋರಸಬೇಕು," ಎಂದ. ನಾನು ಹೂಂ ಎಂದೆ.

ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಜನ ಇದ್ದಾರೆ, ಅವರ ಮನಸ್ಸು ನೋಯಿಸಿ ನನಗೇನು ಆಗಬೇಕಾಗಿದೆ. ಹುಣಸೆ ಮರಗಳ ನಡುವೆ ನಿಂತಿದ್ದ ಆ ಗುಡಿಯಷ್ಟು ಚೆಂದದ ಕಟ್ಟಡವನ್ನು ಮಾತ್ರ ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಗೋಡೆಯ ದಪ್ಪದಲ್ಲಿ ನಾನು ಅಡ್ಡ ಮಲಗಬಹುದಾಗಿತ್ತು. ಎರಡೂ ಕಡೆ ಮೊಗಸಾಲೆ, ಗಿಡ್ಡ ಕಂಬಗಳು, ಗಂಟೆ ತೂಗಲು ಒಂದು ಕಮಾನು. ಒಳಗೆ ಯಾರಾದರೂ ಪಿಸುಗುಟ್ಟಿದರೆ ಆ ತುದಿಗೆ ಕೇಳಿಸುತ್ತಿತ್ತು.

ಗುಡಿಯ ಕಸ ಹೊಡೆದು ಗಂಟೆ ಬಾರಿಸುವವಳು ಮರಿಯವ್ವ ಎಂಬ ಮುದುಕಿ. ಗಂಡನೂ ಇಲ್ಲ, ಮಕ್ಕಳೂ ಇಲ್ಲ; ಗುಡಿಯ ಗೋಡೆಗೆ ಒರಗಿದ ಒಂದು ಚಪ್ಪರದಲ್ಲಿ ಇರುತ್ತಿದ್ದಳು. ನನ್ನ ತಲೆ ನೋಡಿ, "ಅಯ್ಯ ನನ್ನ ಶಿವನೇ, ಇದೇನು ತಲಿಯೋ, ಜಾಲಿ ಕಂಟಿಯೋ?" ಎಂದು ಎಳೆದು ಕೂರಿಸಿಕೊಂಡಳು. ಏಸುವಿನ ಗುಡಿಯವಳು ಶಿವನನ್ನು ಕರೆಯುವುದನ್ನು ಕೇಳಿ ನನಗೆ ನಗು ಬಂತು. ಎಣ್ಣೆ ಹಚ್ಚಿ ಹೆಣೆದಳು. ಬಿಸಿ ರೊಟ್ಟಿಯ ಮೇಲೆ ಗುರೆಳ್ಳು ಪುಡಿ, ಪುಂಡಿಪಲ್ಯ ಹಾಕಿ ಕೊಟ್ಟಳು. ಅವ್ವ ಸತ್ತ ಮೇಲೆ ನನ್ನ ತಲೆಗೆ ಹೆಂಗಸಿನ ಕೈ ತಾಗಿದ್ದು ಅದೇ ಮೊದಲು. ತಿನ್ನುತ್ತ ತಿನ್ನುತ್ತ ಅತ್ತುಬಿಟ್ಟೆ. "ಖಾರ ಆತೇನ?" ಎಂದು ಕೇಳಿದಳು. ಹೌದೆಂದೆ.

ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕಿವಿಯ ಹತ್ತಿರ ಬಾಗಿದಳು. "ನಿಮ್ಮಪ್ಪಗ ಕಾಣಂಗಿಲ್ಲ, ಹೌದಿಲ್ಲೋ?"

ನಾನು ಬೆಚ್ಚಿಬಿದ್ದೆ. "ಯಾರಿಗೂ ಹೇಳಬ್ಯಾಡ ಅಜ್ಜೀ, ನಿನ್ನ ಕಾಲು ಬೀಳ್ತೀನಿ."

"ನಾ ಯಾಕ ಹೇಳಲಿ? ಹೊಟ್ಟೀಪಾಡು ಯಾರಿಗಿಲ್ಲ. ನೀ ನೋಡ್ತಿ ಅಲ್ಲ, ಸಾಕು ಬಿಡು. ನಿನ್ನ ಕಣ್ಣು ಚೊಲೊ ಅದಾವ."

ಮರುದಿನ ಬೆಳಿಗ್ಗೆ ಪಾದ್ರಿಗಳೂ ಊರಿನ ನಾಲ್ಕು ಹಿರಿಯರೂ ಬಂದು ನಿಂತರು. ದೇವದುರ್ಗದ ಸುದ್ದಿ ಅವರಿಗೆ ಮುಟ್ಟಿತ್ತು. ಪಾದ್ರಿಗಳು ಪುಸ್ತಕದ ಕನ್ನಡದಲ್ಲಿ, "ಭೀಮಪ್ಪನವರೇ, ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ. ಬಿರುಕು ಇದೆಯೆಂದರೆ ಇಳಿಸಿಬಿಡುತ್ತೇವೆ. ತಗಡುಗಳಿಗೆ ಹೇಳಿಟ್ಟಿದ್ದೇನೆ," ಎಂದರು. ಅಪ್ಪ ಎರಡು ಬಿದಿರು ಸೇರಿಸಿ ಕಟ್ಟಿದ ಉದ್ದ ಕೋಲು ಹಿಡಿದು ಒಳಗೆ ನಡೆದ. ಅವನ ರುಮಾಲಿನ ಚುಂಗು ಹಿಡಿದು ಆಟ ಆಡುವವಳ ಹಾಗೆ ನಾನು ಮುಂದೆ ನಡೆದೆ. ಅವರೆಲ್ಲ ಬಾಗಿಲಲ್ಲೇ ನಿಂತಿದ್ದರು. ಮರಿಯವ್ವ ಪೊರಕೆ ಹಿಡಿದು ಕಂಬದ ಹತ್ತಿರ ನಿಂತಿದ್ದಳು.

ಬುಡದಿಂದ ಶುರು ಮಾಡಿದೆ. ಅಡಿಗಲ್ಲು ಸರಿ ಇದೆ. ಕಂಬ ಸರಿ ಇದೆ. ಕಮಾನಿನ ಪಾದ ಸರಿ ಇದೆ. ಆಮೇಲೆ ಕತ್ತೆತ್ತಿ, ಮುದಿಗಣ್ಣುಗಳಿಗೆ ನಿಲುಕದಷ್ಟು ಎತ್ತರದ ಅರೆಗತ್ತಲಲ್ಲಿ ನೆತ್ತಿ ನೋಡಿದೆ.

ಹೂವು ಅಲ್ಲಿತ್ತು. ನಡುವೆ ಕಪ್ಪನೆಯ ಸೀಳು ಹಾದು ಹೋಗಿ ಆ ಕಡೆ ಗೋಡೆಯವರೆಗೂ ಓಡಿತ್ತು. ಎಂಟರಲ್ಲಿ ಎರಡು ಎಸಳು ಉದುರಿ ಇಟ್ಟಿಗೆ ಕಾಣುತ್ತಿತ್ತು. ಉಳಿದ ಆರರಲ್ಲಿ ಎಲ್ಲೂ ಬೆರಳಿನ ಗುರುತು ಇರಲಿಲ್ಲ.

"ಕಾಣಸ್ತೇನು?" ಅಪ್ಪ ಪಿಸುಗುಟ್ಟಿದ.

"ಕಾಣಸ್ತದ."

"ಎಂಟೂ ಎಸಳು ಅದಾವೇನು?"

ಅವನು ಮುಖ ಮೇಲೆತ್ತಿ ನಿಂತಿದ್ದ, ಬಿಳಿಯ ಕಣ್ಣು ಅರಳಿಸಿಕೊಂಡು. ಎಂಟು ವರ್ಷದ ಹುಡುಗನ ಮುಖ ಅದು. ಅದನ್ನು ನೋಡಿ ನನ್ನ ಬಾಯಿಂದ ಇಲ್ಲ ಎಂಬ ಮಾತು ಹೊರಡಲಿಲ್ಲ.

"ಎಂಟೂ ಅದಾವಪ್ಪ."

"ನನ್ನ ಬೆಳ್ಳಿನ ಗುರುತು?"

"ಅದ. ಚೊಲೋತ್ನಾಗಿ ಕಾಣಸ್ತದ."

"ಬಿರುಕು?"

"ಇಲ್ಲ."

ಅಪ್ಪ ಕೋಲೆತ್ತಿ ತಟ್ಟಿದ. ಒಮ್ಮೆ. ತಡೆದು ಮತ್ತೊಮ್ಮೆ. ಆಮೇಲೆ ಕಿವಿಯನ್ನು ಮೇಲಕ್ಕೆ ವಾಲಿಸಿ ಮೂರನೆಯ ಸಲ, ಮೆಲ್ಲಗೆ. ಆ ಸದ್ದು ನನಗೂ ಕೇಳಿಸಿತು. ಕುಂಬಾರರ ಮುಂದೆ ಕೂತು ಕಲಿತ ಕಿವಿ ನನ್ನದು. ಅಪ್ಪ ಏನನ್ನುತ್ತಾನೋ ಎಂದು ಅವನ ಮುಖ ನೋಡಿದೆ. ಅವನು ಕೋಲು ಇಳಿಸಿದ, ಬಾಗಿಲ ಕಡೆ ತಿರುಗಿದ.

"ಗಟ್ಟಿ ಅದ ರೀ. ಮ್ಯಾಲ ನಾಕು ಕಡೆ ತೇಪಿ ಹಾಕ್ತೀನಿ, ಸಾಕು," ಎಂದ.

ಮರಿಯವ್ವ ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ನನ್ನ ಸುಳ್ಳು ಗೆದ್ದಿತು, ಹೂವು ಉಳಿಯಿತು ಎಂದು ಎಷ್ಟು ಖುಷಿಯಾಗಿತ್ತೆಂದರೆ, ಆ ಸದ್ದನ್ನು ಮರೆತೇಬಿಟ್ಟೆ. ಅಥವಾ ಮರೆತ ಹಾಗೆ ಮಾಡಿದೆ. ಹತ್ತು ವರ್ಷದವರಿಗೂ ಅದು ಬರುತ್ತದೆ.

ಎಂಟು ದಿನ ಅಲ್ಲಿದ್ದೆವು. ಅಪ್ಪ ಮೇಲೆ ತೇಪೆ ಹಾಕಿದ. ನಾನು ಬೆಲ್ಲ ಕದ್ದೆ, ಮರಿಯವ್ವನ ಜೊತೆ ಗಂಟೆಯ ಹಗ್ಗ ಜಗ್ಗಿದೆ, ಮೊಗಸಾಲೆಯಲ್ಲಿ ಕುಂಟಾಟ ಆಡಿದೆ. ಹೊರಡುವ ದಿನ ಅವಳು ಒಂದು ಹಳೆಯ ಸೀರೆಯ ಕೆಂಪು ಅಂಚು ಹರಿದು ನನ್ನ ಜಡೆಗೆ ಕಟ್ಟಿದಳು. "ಮಳಿಗಾಲದಾಗ ಚಪ್ಪರ ಸೋರ್ತದ ಯವ್ವಾ. ಈ ಸಲ ಗುಡಿಯಾಗ ಮಲಕ್ಕೋತೀನಿ. ನೀ ನೋಡೀದಿ ಅಲ್ಲ, ಇನ್ನ ಎದರ ಅಂಜಿಕಿ?" ಎಂದಳು. ಆಗ ಹೇಳಬಹುದಿತ್ತು. ಅಪ್ಪ ಗಾಡಿ ಏರಿ ಕೂತಿದ್ದ, ಅವಳೊಬ್ಬಳೇ ನನ್ನ ಮುಂದಿದ್ದಳು. ಒಂದು ಮಾತು ಸಾಕಿತ್ತು. ನಾನು ಜಡೆ ಕುಣಿಸುತ್ತ ಓಡಿಹೋಗಿ ಗಾಡಿ ಹತ್ತಿದೆ.

ಶ್ರಾವಣದಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ನಮ್ಮ ಕಡೆ ಅಂಥ ಮಳೆ ಅಪರೂಪ, ಜನ ಹಿಗ್ಗಿದರು. ಐದನೆಯ ದಿನ ಮಧ್ಯಾಹ್ನ ಹಿರೇಕೊಟ್ನೆಕಲ್ಲಿನ ಆ ಗಾಡಿಯವನು ನಮ್ಮ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರ್ರಿ ಎಂದರೂ ಬರಲಿಲ್ಲ.

"ಛತ್ತು ಬಿತ್ತು ಭೀಮಪ್ಪ. ನಿನ್ನಿ ಮುಂಜಾನಿ ಮುದುಕಿ ಎದ್ದು ಹಾಸಿಗಿ ಸುತ್ತಾಕತ್ತಿದ್ದಳಂತ. ಜೀವ ಅದ. ಸೊಂಟದ ಕೆಳಗ ಏನೂ ಉಳದಿಲ್ಲ," ಎಂದ. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಆ ಮಳೆಯಲ್ಲೇ ಹೋದೆವು. ಗುಡಿಯ ಒಳಗೆ ಆಕಾಶ ಬಂದಿತ್ತು. ನೆಲದ ತುಂಬ ಇಟ್ಟಿಗೆ, ಅದರ ಮೇಲೆ ಮಳೆ ಹೊಯ್ಯುತ್ತಿತ್ತು. ಊರಿನವರು ಬೈಯಲಿಲ್ಲ. ದಾರಿ ಬಿಟ್ಟು ದೂರ ಸರಿದು ನಿಂತರು, ಅಷ್ಟೇ. ಪಾದ್ರಿಗಳು ಅಪ್ಪನ ಕೈ ಹಿಡಿದುಕೊಂಡು ಚಪ್ಪರಕ್ಕೆ ಕರೆದುಕೊಂಡು ಹೋದರು. ಕೈ ಹಿಡಿದಾಗಲೇ ಅಪ್ಪನಿಗೆ ಕಾಣುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ಅವರು ಹಿಡಿದ ಕೈ ಬಿಡಲಿಲ್ಲ.

ಮರಿಯವ್ವ ಕಂಬಳಿ ಹೊದ್ದು ಮಲಗಿದ್ದಳು. ಮುಖಕ್ಕೆ ಒಂದು ತರಚೂ ಇರಲಿಲ್ಲ. ನನ್ನನ್ನು ಗುರುತು ಹಿಡಿದು ಕೈ ಚಾಚಿದಳು. ನಾನು ಹತ್ತಿರ ಕೂತೆ. ಜಡೆಯಲ್ಲಿ ಅವಳ ಸೀರೆಯ ಕೆಂಪು ಅಂಚು ಇನ್ನೂ ಇತ್ತು. ಅದನ್ನು ಮುಟ್ಟಿ ನೋಡಿದಳು. ಸಿಟ್ಟಿಲ್ಲ, ಸೆಡವಿಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳುವವಳ ಹಾಗೆ ಕೇಳಿದಳು.

"ನಿನಗ ಕಣ್ಣಿದ್ದುವಲ್ಲ ಯವ್ವಾ. ಕಾಣಲಿಲ್ಲೇನ?"

ಪಾದ್ರಿಗಳು ನಿಂತಿದ್ದರು. ಊರ ಹೆಂಗಸರು ನಿಂತಿದ್ದರು.

"ಕಾಣಲಿಲ್ಲಜ್ಜೀ," ಎಂದೆ.

ಎರಡನೆಯ ಸಲ. ಮೊದಲನೆಯದು ಅಪ್ಪನಿಗಾಗಿ ಹೇಳಿದ ಸುಳ್ಳು. ಇದು ನನಗಾಗಿ.

ಹಿಂದಿನಿಂದ ಅಪ್ಪನ ದನಿ ಬಂತು. "ಅಕಿನ್ನ ಕೇಳಬ್ಯಾಡ್ರಿ ಯವ್ವಾ. ಕೋಲು ನನ್ನ ಕೈಯಾಗಿತ್ತು."

ಮರಿಯವ್ವ ಅವನ ಕಡೆ ನೋಡಿದಳು. ಅವನು ತಡಕಾಡುತ್ತ ಮುಂದೆ ಬಂದು, ಆ ಬಿದಿರು ಕೋಲನ್ನು ಅವಳ ಹಾಸಿಗೆಯ ಪಕ್ಕ ನೆಲದ ಮೇಲೆ ಇಟ್ಟ. "ಅದು ಹೇಳಿತ್ತು. ನಾನ ಕೇಳಲಿಲ್ಲ," ಎಂದ. ಆಮೇಲೆ ಅಲ್ಲೇ ಕುಕ್ಕರಿಸಿ ಕೂತು, ರುಮಾಲು ಬಾಯಿಗೆ ತುರುಕಿಕೊಂಡು ಅತ್ತ.

ಅವನಿಗೆ ಗೊತ್ತಿತ್ತು. ಮೂರನೆಯ ಸಲ ತಟ್ಟಿದಾಗಲೇ ಗೊತ್ತಿತ್ತು. ನನ್ನ ಸುಳ್ಳಿಗೆ ಅವನು ಒರಗಿದ, ಅವನ ಆಸೆಗೆ ನಾನು ಒರಗಿದೆ. ಮೂರನೆಯ ದಿನ ಮರಿಯವ್ವ ತೀರಿಕೊಂಡಳು.

ಅದಾದ ಮೇಲೆ ಅಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ, ಕರೆದಿದ್ದರೂ ಅವನು ಹೋಗುತ್ತಿರಲಿಲ್ಲ. ಓಣಿಯ ಕಟ್ಟೆಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆದು ನನ್ನನ್ನು ಓದಿಸಿದ. ಹನ್ನೊಂದು ವರ್ಷ ಹಾಗೆ ಕೂತಿದ್ದ. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನಾವಿಬ್ಬರೂ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಹೂವಿಗೆ ಎಷ್ಟು ಎಸಳಿದ್ದವು ಎಂದು ಅವನು ಕೇಳಲಿಲ್ಲ. ಗುರುತು ಇರಲಿಲ್ಲ ಎಂದು ನಾನು ಹೇಳಲಿಲ್ಲ.

ನಾನು ಮಾಸ್ತರತಿಯಾದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೆತ್ತ ಹಿಡಿದು ಹೇಳಿದೆ. ಹೇಳುವಾಗೆಲ್ಲ ಕಿಟಕಿಯ ಕಡೆ ನೋಡುತ್ತಿದ್ದೆ. ಈಗಲೂ ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಬೆರಳ ಗೆಣ್ಣು ತಾಗಿಸುತ್ತೇನೆ. ಸೊಸೆಗೆ ಅದು ಅಪಶಕುನದಂತೆ ಕಾಣುತ್ತದೆ.

ಹೋದ ವರ್ಷ ಹಟ ಹಿಡಿದು ಆ ಊರಿಗೆ ಹೋದೆ. ಆಮೇಲೆ ಹಾಕಿದ್ದ ತಗಡೂ ಹೋಗಿ ಸಿಮೆಂಟಿನ ಛತ್ತು ಬಂದಿದೆ. ಫ್ಯಾನು, ಮೈಕು, ಕಾಲು ಜಾರುವ ನೆಲ. ಹಳೆಯ ಗೋಡೆಗಳಲ್ಲಿ ಒಂದೂ ಇಲ್ಲ. ಗಚ್ಚು ಅರೆಯುತ್ತಿದ್ದ ಗಾಣದ ಕಲ್ಲು ಅಂಗಳದಲ್ಲಿ ಮಗುಚಿ ಬಿದ್ದಿದೆ. ಅದರ ಮೇಲೆ ಕೂತು ಹುಡುಗರು ಫೋನು ನೋಡುತ್ತಿದ್ದರು. ಅದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಚಿಕ್ಕ ವಯಸ್ಸಿನ ಪಾದ್ರಿ ಕುರ್ಚಿ ತಂದು ಹಾಕಿದ, ಚಹಾ ಕೊಡಿಸಿದ. "ಅಮ್ಮಾ, ನೀವು ನಮ್ಮವರೇ?" ಎಂದು ಕೇಳಿದ.

"ಅಲ್ಲಪ್ಪ, ಗಚ್ಚಿನವರು," ಎಂದೆ. ಅವನಿಗೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕ.

ಅವನು ಹೊರಗೆ ಹೋದ ಮೇಲೆ ಎದ್ದು ಕಂಬವನ್ನು ಬೆರಳಿನಿಂದ ತಟ್ಟಿದೆ. ಠಣ್ ಎನ್ನಲಿಲ್ಲ, ಬೊದ್ ಎನ್ನಲಿಲ್ಲ. ಸಿಮೆಂಟಿಗೆ ನನ್ನ ಹತ್ತಿರ ಹೇಳುವಂಥದ್ದು ಏನೂ ಇರಲಿಲ್ಲ. ಚಪ್ಪರವಿದ್ದ ಜಾಗ ಯಾವುದೆಂದು ಲೆಕ್ಕ ಹಾಕಿ, ಗೋಡೆಯ ಆ ಮೂಲೆಗೆ ಹೋಗಿ ನಿಂತೆ. ನನಗೀಗ ಮರಿಯವ್ವನಿಗಿಂತ ಹೆಚ್ಚು ವಯಸ್ಸು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅವಳು ಕೇಳಿದ್ದಕ್ಕೆ ಉತ್ತರ ಹೇಳಿದೆ.

"ಕಂಡಿತ್ತು, ಯವ್ವಾ."